ಪ್ರತಿಕ್ರಿಯೆ: ಉಬ್ಬಸ ಜೋರಾಗಿದ್ದರೂ ಇಯೊಸಿನೊಫಿಲ್ ಸೊನ್ನೆ ಏಕೆ?

ಉಬ್ಬಸ ಜೋರಾಗಿದ್ದರೂ ನಿಮ್ಮ ತಾಯಿಯ ರಕ್ತದಲ್ಲಿ ಇಯೊಸಿನೊಫಿಲ್ (ಅಲರ್ಜಿಯಲ್ಲಿ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ) ಸೊನ್ನೆಗೆ ಇಳಿದಿರುವುದು ಬಹುಶಃ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯಿಂದ. ಇದೊಂದನ್ನೇ ನೋಡಿ ಅಲರ್ಜಿ ಆಸ್ತಮಾ ಅಲ್ಲವೆಂದು ತೀರ್ಮಾನಿಸಬೇಡಿ. ರೋಗನಿರೋಧಕ ವ್ಯವಸ್ಥೆಯ ಟಿಎಚ್2 ಮತ್ತು ಐಎಲ್‌ಸಿ2 ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-5 ಎಂಬ ಸಂಕೇತ ಪ್ರೋಟೀನ್ ಈ ಬಿಳಿ ರಕ್ತಕಣಗಳನ್ನು ಬೆಳೆಸಿ ಬದುಕಿಸುತ್ತದೆ. ಸ್ಟೆರಾಯ್ಡ್ ಆ ಸಂಕೇತವನ್ನೇ ಅಡಗಿಸುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿನ ಎಣಿಕೆ ಬೀಳುತ್ತದೆ.

ಮೊದಲು, ಮಾತ್ರೆ ಶುರುವಾಗುವ ಮುಂಚಿನ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಹುಡುಕಿ. ಅದರಲ್ಲಿ ಇಯೊಸಿನೊಫಿಲ್‌ನ ಶೇಕಡಾವಾರು ಬೇಡ, ಅಬ್ಸೊಲ್ಯೂಟ್ (ಒಟ್ಟು) ಎಣಿಕೆ ನೋಡಿ. ಪ್ರತಿ ಮೈಕ್ರೋಲೀಟರ್ ರಕ್ತಕ್ಕೆ 150 ಅಥವಾ ಹೆಚ್ಚಿದ್ದರೆ ಶ್ವಾಸಕೋಶ ತಜ್ಞರಿಗೆ ತೋರಿಸಿ. ರಿಪೋರ್ಟ್ ಸಿಗದಿದ್ದರೆ ಕೋರ್ಸ್ ಮುಗಿದು ಎರಡು ವಾರವಾದ ಮೇಲೆ ಮತ್ತೆ ಪರೀಕ್ಷಿಸಬಹುದೇ ಎಂದು ಕೇಳಿ. ಪರೀಕ್ಷೆಗಾಗಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಇನ್ಹೇಲರ್ ಅಂತೂ ಬಿಡಲೇಬೇಡಿ. ಜಂತುಹುಳುವಿನಿಂದಲೂ ಎಣಿಕೆ ಏರುತ್ತದೆ. ಹಾಗಾಗಿ ಬಯಾಲಜಿಕ್ ಇಂಜೆಕ್ಷನ್ (ಇಂಥ ಸಂಕೇತಗಳನ್ನು ತಡೆಯುವ ಔಷಧ) ಮಾತು ಬಂದರೆ ಮೊದಲು ಜಂತುಹುಳುವಿನ ಪರೀಕ್ಷೆ ಆಗಲಿ.