ಸಂಪಾದಕರ ಉತ್ತರ: ಹವಾಲ್ದಾರರೇ, ವಾರ್ಡ್ ಬಿಡಬೇಡಿ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ 17 ವರ್ಷ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು, ಆ ಕೆಲಸದ ಮೇಲಿನ ದರ್ಜೆಯಾದ ಕ್ಲಾಸ್ 1 ಪಾಸಾದವರು. ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಕೇಳಿದರೆ, “ಮಿಲಿಟರಿ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ, ಬೇಕಾದರೆ ವಾರ್ಡ್ ಬಾಯ್ ಆಗಿ ಬನ್ನಿ” ಎಂದರಂತೆ. ಬೆಂಗಳೂರಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ರೆಡಿ ಇದೆ. “ಹವಾಲ್ದಾರ್ ಆಗಿದ್ದವರು ಇನ್ನೊಬ್ಬರ ಬೆಡ್‌ಪ್ಯಾನ್ ಎತ್ತಬೇಕಾ?” ಎಂದು ಮನೆಯಲ್ಲಿ ಕೇಳುತ್ತಾರಂತೆ. ಏನು ಮಾಡಲಿ ಎನ್ನುವುದು ಅವರ ಪ್ರಶ್ನೆ.

ಹವಾಲ್ದಾರರೇ, ಬೆಂಗಳೂರಿಗೆ ಹೋಗಬೇಡಿ. ನಿಮ್ಮ ಕೈಕೆಲಸ ಕೊಡಗಿಗೆ ಬೇಕು. ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಆ ಆಸ್ಪತ್ರೆಯವರು ಮಾತಾಡಿದ ರೀತಿ ಸರಿಯಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಒಂದು ನಿಜವಿದೆ. ಸ್ಟಾಫ್ ನರ್ಸ್ ಆಗಬೇಕಾದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರಿಗೆ ಪದವಿಗೆ ಸಮ ಎಂದು ಕೊಡುವ ಸರ್ಟಿಫಿಕೇಟ್ ಕ್ಲರ್ಕ್ ಥರದ ಹುದ್ದೆಗಳಿಗೆ ಆಗುತ್ತದೆ, ತಾಂತ್ರಿಕ ಹುದ್ದೆಗಳಿಗೆ ಆಗುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ.

ನಿಮ್ಮ ಮಿಲಿಟರಿ ಸರ್ಟಿಫಿಕೇಟಿಗೆ ನೇರವಾಗಿ ಬೆಲೆ ಇರುವ ಜಾಗ ಇಸಿಎಚ್‌ಎಸ್. ಮಾಜಿ ಸೈನಿಕರಿಗಾಗಿ 2003ರಲ್ಲಿ ಶುರುವಾದ ಆರೋಗ್ಯ ಯೋಜನೆ ಅದು, ನಿಮಗೆ ಗೊತ್ತೇ ಇದೆ. ಅದರ ಪಾಲಿಕ್ಲಿನಿಕ್‌ಗಳಿಗೆ, ಅಂದರೆ ಚಿಕಿತ್ಸಾ ಕೇಂದ್ರಗಳಿಗೆ, ಔಷಧಿ ತರಲು ಹೋಗುವವರು ತುಂಬಾ ಜನ, ಕೆಲಸ ಕೇಳಲು ಹೋಗುವವರು ಕಡಿಮೆ. ಅಲ್ಲಿನ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಜಿಎನ್‌ಎಂ ಇಲ್ಲವೇ ಸೇನೆಯ ಕ್ಲಾಸ್ 1 ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್, ಜೊತೆಗೆ ಅನುಭವ ಇದ್ದರೆ ಸಾಕು. ಲ್ಯಾಬ್, ಫಿಸಿಯೋಥೆರಪಿ ಟ್ರೇಡ್‌ನವರಿಗೂ ಇದೇ ರೀತಿ ಅವಕಾಶವಿದೆ. ಫಾರ್ಮಸಿಸ್ಟ್ ಆಗಲು ಮಾತ್ರ ಫಾರ್ಮಸಿಯಲ್ಲಿ ಡಿಪ್ಲೊಮಾ (ಡಿ.ಫಾರ್ಮ) ಇಲ್ಲವೇ ಪದವಿ ಬೇಕೇ ಬೇಕು. ಕೆಲಸ ಗುತ್ತಿಗೆಯದು, ವರ್ಷ ವರ್ಷ ನವೀಕರಣ. ಪಿಂಚಣಿ ಬರುವ ನಿಮಗೆ ಅದು ದೊಡ್ಡ ಭಯ ಆಗಬೇಕಿಲ್ಲ.

ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಹೆಸರು ಬರೆಸಿದ್ದೀರಾ? ಪತ್ರದಲ್ಲಿ ಹೇಳಿಲ್ಲ. ಬರೆಸಿಲ್ಲದಿದ್ದರೆ ಈ ವಾರವೇ ಬರೆಸಿ. ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ, ವಯಸ್ಸಿನ ಸಡಿಲಿಕೆಯೂ ಇದೆ. 2016ರಲ್ಲಿ ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದ ಮೇಲೆ ಅಲ್ಲಿ ಆಸ್ಪತ್ರೆ ಕೆಲಸಗಳು ಜಾಸ್ತಿಯಾಗಿವೆ. ಜಾಹೀರಾತಿನ ಮೇಲೆ ಕಣ್ಣಿಡಿ.

ಇನ್ನು ಮನೆಯವರ ಮಾತು. ಸೇನೆಯ ವಾರ್ಡಿನಲ್ಲಿ ನೀವು ಬೆಡ್‌ಪ್ಯಾನ್ ಎತ್ತಿಲ್ಲವೇ? ಆಗ ಯಾರೂ ಅದನ್ನು ಕೀಳು ಎನ್ನಲಿಲ್ಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಯುದ್ಧಕೈದಿಗಳ ವಿಷಯ ನೋಡಿಕೊಳ್ಳಲು ಕೊರಿಯಾಕ್ಕೆ ಹೋದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದಕ್ಕೂ ಮೊದಲೇ, 1950ರಿಂದ, ನಿಮ್ಮ ಮೆಡಿಕಲ್ ಕೋರ್‌ನ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿತ್ತು. ಅದನ್ನೂ ಮನೆಯಲ್ಲಿ ಹೇಳಿ. ಹಾಗಂತ ವಾರ್ಡ್ ಬಾಯ್ ಕೆಲಸ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ಅದು ಕೀಳು ಅಂತಲ್ಲ. ನಿಮಗೆ ಗೊತ್ತಿರುವ ಅರ್ಧದಷ್ಟು ಕೆಲಸವನ್ನೂ ಅಲ್ಲಿ ಮಾಡಲು ಬಿಡುವುದಿಲ್ಲ.

ನಮ್ಮ ತೋಟದ ಮನೆಗಳನ್ನು ನೆನೆಸಿಕೊಳ್ಳಿ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಪಾರ್ಶ್ವವಾಯು ಬಡಿದ ಅಪ್ಪನನ್ನು ಅಮ್ಮ ಒಬ್ಬರೇ ನೋಡಿಕೊಳ್ಳಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯಾ ನೋಡಬೇಕು. ಬೆರಳಿನಿಂದ ಒತ್ತಿದಾಗಲೂ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಶುರುವಾಗುತ್ತಿದೆ ಎಂದೇ ಅರ್ಥ. ಎಪ್ಪತ್ತು ದಾಟಿದ ಹೆಂಗಸಿಗೆ ಇದೆಲ್ಲ ಹೇಳಿಕೊಡುವವರು ಯಾರು? ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಜೀಪಿಗೆ ಹಾಕುತ್ತೇವೆ. ಕುತ್ತಿಗೆ ಅಲುಗದಂತೆ ಹಲಗೆಯ ಮೇಲೆ ಸಾಗಿಸಬೇಕು ಅನ್ನುವುದು ನಿಮಗೆ ಗೊತ್ತು, ನಮಗೆ ಗೊತ್ತಿಲ್ಲ. ದೊಡ್ಡ ಆಸ್ಪತ್ರೆ ಎಂದರೆ ಮೈಸೂರು ಅಥವಾ ಮಂಗಳೂರು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಂಗಳೂರಿನ ದಾರಿಯೇ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಊರಿನಲ್ಲೇ ಕೆಲಸ ಬಲ್ಲವರೊಬ್ಬರು ಬೇಕು, ಅಲ್ವಾ?

ಹಾಗಾಗಿ ಪಾಲಿಕ್ಲಿನಿಕ್ ಕೆಲಸ ಸಿಗುವವರೆಗೆ, ನಿಮ್ಮ ಕಡೆಯ ಒಬ್ಬ ಡಾಕ್ಟರ ಜೊತೆ ಮಾತಾಡಿ, ಅವರ ಸೂಚನೆಯಂತೆ ಮನೆ ಆರೈಕೆಗೆ ಹೋಗಿ. ಇಂಜೆಕ್ಷನ್, ಡ್ರಿಪ್ ಏನಿದ್ದರೂ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡಿ. ಯಾರೆಷ್ಟು ಒತ್ತಾಯ ಮಾಡಿದರೂ ಸರಿ.

ಒಂದು ವಿಷಯಕ್ಕೆ ಈಗಲೇ ತಯಾರಾಗಿ. ವಾರ್ಡಿನಲ್ಲಿ ನಿಮಗೆ ಕೆಲಸ ಹೇಳುವ ಸಿಸ್ಟರ್ ನಿಮ್ಮ ಮಗಳ ವಯಸ್ಸಿನವರಿರಬಹುದು. ರೋಗಿಗಳು ಆರ್ಡರ್ ಕೇಳುವ ಸೈನಿಕರಲ್ಲ. ಮಾತ್ರೆ ನುಂಗಲ್ಲ ಎಂದು ಮುಖ ತಿರುಗಿಸುವ ಅಜ್ಜಿಯನ್ನು ಪುಸಲಾಯಿಸಬೇಕು.

ಸೆಕ್ಯುರಿಟಿ ಕಂಪನಿಯವರಿಗೆ ಉತ್ತರ ಕೊಡುವ ಮೊದಲು ಮಡಿಕೇರಿಯ ಪಾಲಿಕ್ಲಿನಿಕ್‌ಗೆ ಹೋಗಿ, ಮುಂದಿನ ನೇಮಕಾತಿ ಯಾವಾಗ ಎಂದು ಕೇಳಿ ಬನ್ನಿ. ಡಿಸ್ಚಾರ್ಜ್ ಬುಕ್ ಮತ್ತು ಕ್ಲಾಸ್ 1 ಸರ್ಟಿಫಿಕೇಟಿನ ಜೆರಾಕ್ಸ್ ಜೊತೆಗಿರಲಿ. ಏನಾಯಿತೆಂದು ನಮಗೂ ಬರೆಯಿರಿ.