ಸೋಲಾರ್ ಪಂಪ್ ಕರೆಂಟಲ್ಲಿ ಹೈಡ್ರೋಜನ್: ಲೆಕ್ಕ ಹಾಕಿ ನೋಡಿ

ಅಣ್ಣಾರೆ, ಆಳಂದ ಹತ್ತಿರ ತೊಗರಿ ಹೊಲದಲ್ಲಿ 5 ಎಚ್‌ಪಿ ಸೋಲಾರ್ ಪಂಪ್ ಇದೆ, ನೀರು ಬಿಡದ ದಿನ ಪ್ಯಾನೆಲ್ ಸುಮ್ನೆ ಇರುತ್ತೆ, ಆ ಕರೆಂಟಲ್ಲಿ ಹೈಡ್ರೋಜನ್ ಮಾಡಿಟ್ಟು ರಾತ್ರಿ ಮನೆಗೆ ಬಳಸಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಗಿಟ್ಟಲ್ಲ.

ಕರೆಂಟಿಂದ ನೀರು ಒಡೆದು ಒಂದು ಕೆಜಿ ಹೈಡ್ರೋಜನ್ ಮಾಡಲು ಸುಮಾರು 50ರಿಂದ 55 ಯೂನಿಟ್ ಬೇಕು. ಅದನ್ನೇ ಫ್ಯೂಯಲ್ ಸೆಲ್‌ಗೆ ಹಾಕಿ ವಾಪಸ್ ಕರೆಂಟ್ ತೆಗೆದರೆ ಸಿಗೋದು 15–18. ನಿಮ್ಮ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ 20 ಯೂನಿಟ್ ಕೊಟ್ಟಿತು ಅನ್ನಿ, ರಾತ್ರಿಗೆ ಉಳಿಯೋದು ಆರೇಳು. ಲಿಥಿಯಂ ಬ್ಯಾಟರಿಯಾದರೆ 17ರ ಆಸುಪಾಸು.

ನೀರಿನದು ಬೇರೆ ತಲೆನೋವು. ಕೆಜಿಗೆ 9 ಲೀಟರ್ ಅಷ್ಟೇ ಹೋಗುತ್ತೆ, ಆದರೆ ಉಪ್ಪಿನಂಶ ಪೂರ್ತಿ ತೆಗೆದ ನೀರಾಗಬೇಕು. ನಮ್ಮ ಕಡೆ ಬೋರ್ ನೀರು ನಿಮಗೆ ಗೊತ್ತಲ್ವಾ, ನಾಲ್ಕು ದಿನ ಕಾಯಿಸಿದರೆ ಪಾತ್ರೆ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಪದರು ಕೂರುತ್ತೆ. ಇನ್ನು ಆ ಒಂದು ಕೆಜಿ ಹೈಡ್ರೋಜನ್ ಒತ್ತಿ ತುಂಬದೆ ಹಾಗೇ ಇಟ್ಟರೆ 11 ಘನ ಮೀಟರ್ ಜಾಗ ತಿನ್ನುತ್ತೆ. ಒತ್ತಿ ತುಂಬಲು ದೊಡ್ಡ ಕಂಪ್ರೆಸರ್, ಗಟ್ಟಿ ಸಿಲಿಂಡರ್. ಸೋರಿದರೆ ವಾಸನೆಯೂ ಬರಲ್ಲ.

2023ರಲ್ಲಿ ಕೇಂದ್ರ ಸರ್ಕಾರ 19,744 ಕೋಟಿಯ ಹಸಿರು ಹೈಡ್ರೋಜನ್ (ಸೋಲಾರ್, ಗಾಳಿಯಂಥ ಕರೆಂಟಲ್ಲಿ ಮಾಡಿದ್ದು) ಮಿಷನ್ ಶುರು ಮಾಡಿದ್ದು ಗೊಬ್ಬರ, ಉಕ್ಕು, ರಿಫೈನರಿ ಅಂಥ ದೊಡ್ಡ ಕೆಲಸಗಳಿಗೆ. ಅಲ್ಲಿ ಅದಕ್ಕೆ ಬೆಲೆ ಇದೆ.

ನನ್ನ ಕೇಳಿದರೆ, ಮೊದಲು ಪಂಪ್ ಹಾಕಿದವರ ಹತ್ತಿರ ಯುನಿವರ್ಸಲ್ ಕಂಟ್ರೋಲರ್ ಬಗ್ಗೆ ವಿಚಾರಿಸಿ. ಅದಿದ್ದರೆ ಅದೇ ಪ್ಯಾನೆಲ್ ಮೇಲೆ ಮೇವು ಕತ್ತರಿಸೋ ಮಷಿನ್, ಹಿಟ್ಟಿನ ಗಿರಣಿ ಓಡಿಸಬಹುದು.