ಶಾಲೆಯ ಕ್ವಾಯರ್ ಕ್ಲಾಸ್‌ನಲ್ಲಿ ಏನು ನಡೆಯುತ್ತದೆ? ಕರ್ನಾಟಕ ಸಂಗೀತ ಕಲಿಯುತ್ತಿರುವ ಮಗುವಿಗೆ ಕಷ್ಟ ಆಗುತ್ತಾ?

ನಿಮ್ಮ ಮಗಳು ಏಳನೇ ಕ್ಲಾಸಿಗೆ ಹೊಸ ಶಾಲೆ ಸೇರಿದ್ದಾಳೆ, ಅಲ್ಲಿ ಕ್ವಾಯರ್‌ಗೆ ಹಾಕಿದ್ದಾರೆ, ಒಬ್ಬಳೇ ನಿಂತು ಹಾಡಿಸುತ್ತಾರಾ, ಮನೆ ಹತ್ತಿರದ ಸಂಗೀತ ಪಾಠ ಬಿಡಿಸಬೇಕಾ ಅಂತ ಕೇಳಿದ್ದೀರಿ. ನಾನು ಕಂಟೋನ್ಮೆಂಟ್ ಕಡೆಯ ಶಾಲೆಯೊಂದರ ಕ್ವಾಯರ್‌ನಲ್ಲಿ ಹಾಡಿಕೊಂಡು ಬೆಳೆದವಳು. ಈಗ ಜಯನಗರದ ಕಡೆ ಒಂದು ಶಾಲೆಯಲ್ಲಿ ಕ್ವಾಯರ್ ಕ್ಲಾಸ್‌ಗೆ ಕೀಬೋರ್ಡ್ ನುಡಿಸುತ್ತೇನೆ. ಕಂಡದ್ದನ್ನು ಹೇಳುತ್ತೇನೆ.

ಮೊದಲು ಶಾಲೆಯಲ್ಲಿ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಬೆಂಗಳೂರಲ್ಲಿ ಕ್ವಾಯರ್ ಅನ್ನೋ ಹೆಸರಲ್ಲಿ ಎರಡು ಬೇರೆ ಬೇರೆ ಕ್ಲಾಸ್ ನಡೆಯುತ್ತವೆ. ಕೆಲವು ಕಡೆ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಪ್ರಾರ್ಥನೆ, ದೇಶಭಕ್ತಿ ಗೀತೆ, ಭಾವಗೀತೆಗಳನ್ನು ಎಲ್ಲರೂ ಒಟ್ಟಿಗೆ ಒಂದೇ ಧಾಟಿಯಲ್ಲಿ ಹಾಡುತ್ತಾರೆ. ನಮಗೆಲ್ಲ ಗೊತ್ತಿರೋ ಸಮೂಹಗಾನ ಅದು. ನಿಮ್ಮ ಮಗಳಿಗೆ ಅದು ಸಲೀಸು, ಹೆಚ್ಚು ಹೇಳುವುದೇನೂ ಇಲ್ಲ. ಇನ್ನು ಕೆಲವು ಕಡೆ ಮಕ್ಕಳನ್ನು ದನಿ ನೋಡಿ ಗುಂಪು ಮಾಡುತ್ತಾರೆ. ಒಂದೇ ಹಾಡು, ಆದರೆ ಒಂದೊಂದು ಗುಂಪಿಗೆ ಒಂದೊಂದು ಸ್ವರದ ಸಾಲು. ಹಳೇ ಮಿಷನ್ ಶಾಲೆಗಳಲ್ಲಿ ಇದು ಮೊದಲಿಂದಲೂ ಇದೆ. ಹಾಗಂತ ಇಂಗ್ಲಿಷ್ ಹಾಡಿಗೆ ಮಾತ್ರ ಅಂತಲ್ಲ. ಮದ್ರಾಸಿನಲ್ಲಿ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಅವರು ಮದ್ರಾಸ್ ಯೂತ್ ಕ್ವಾಯರ್ ಕಟ್ಟಿ, ಭಾರತೀಯ ಭಾಷೆಗಳ ಹಾಡುಗಳನ್ನೇ ಹೀಗೆ ಹಾಡಿಸಿದರು. ಮುಂದೆ ನಾನು ಹೇಳುವುದೆಲ್ಲ ಈ ಎರಡನೇ ಬಗೆಯ ಕ್ಲಾಸ್ ಬಗ್ಗೆ.

ಒಬ್ಬಳೇ ಹಾಡೋದು ಸಾಮಾನ್ಯವಾಗಿ ಒಂದೇ ಸಲ, ಶುರುವಿನಲ್ಲಿ. ಟೀಚರ್ ಕೀಬೋರ್ಡಿನಲ್ಲಿ ಐದು ಸ್ವರ ಏರಿಸುತ್ತಾರೆ, ಮಗು 'ಆ' ಅಂತ ಅದನ್ನೇ ಹಾಡಬೇಕು. ಮತ್ತೆ ಅರ್ಧ ಸ್ವರ ಮೇಲಿಂದ, ಮತ್ತೆ ಅರ್ಧ ಸ್ವರ ಮೇಲಿಂದ. ದನಿ ಎಲ್ಲಿಯವರೆಗೆ ಆರಾಮಾಗಿ ಹೋಗುತ್ತದೆ, ಎಲ್ಲಿ ಕುತ್ತಿಗೆ ನರ ಎದ್ದು ಕಾಣುತ್ತದೆ ಅಂತ ನೋಡುವುದಷ್ಟೇ. ಪಾಸು ಫೇಲು ಏನಿಲ್ಲ. ಇದಾದ ಮೇಲೆ ಎತ್ತರದ ದನಿಯವರು ಸೊಪ್ರಾನೋ, ಕೆಳಗಿನವರು ಆಲ್ಟೋ. ದೊಡ್ಡ ಹುಡುಗರು ಬಂದರೆ ಟೆನರ್, ಬೇಸ್ ಕೂಡ. ಹನ್ನೆರಡು ಹದಿಮೂರರ ಹುಡುಗರ ಪಾಡು ಮಾತ್ರ ಪಾಪ ಅನ್ನಿಸುತ್ತದೆ. ದನಿ ಒಡೆದು ಹೆಚ್ಚೂಕಮ್ಮಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಜುಲೈಯಲ್ಲಿ ಸೊಪ್ರಾನೋ ಆಗಿದ್ದವನು ಡಿಸೆಂಬರ್‌ಗೆ ಎಲ್ಲಿ ನಿಲ್ಲಬೇಕೋ ತಿಳಿಯದೆ ನಿಂತಿರುತ್ತಾನೆ. ಒಳ್ಳೆ ಟೀಚರ್ ಆದರೆ ಗಂಟಲು ಹಿಂಡದ ಹಾಗೆ ನಾಲ್ಕೈದು ಸ್ವರದ ಸಾಲೊಂದನ್ನು ಅವನಿಗೇ ಅಂತ ಬರೆದುಕೊಡುತ್ತಾರೆ.

ನಿಮ್ಮ ಮಗಳನ್ನು ಆಲ್ಟೋಗೆ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಾಡಿನ ಮುಖ್ಯ ಧಾಟಿ ಸಾಮಾನ್ಯವಾಗಿ ಸೊಪ್ರಾನೋದಲ್ಲಿ ಇರುತ್ತದೆ. ಹಾಗಾಗಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡ ತಂದೆ ತಾಯಿ 'ನಮ್ಮ ಹುಡುಗಿ ಹಾಡಿದ್ದು ಕೇಳಿಸೋದೇ ಇಲ್ಲ' ಅಂತ ಬರುತ್ತಾರೆ. ನಿಜ ಹೇಳಬೇಕಂದರೆ, ಶ್ರುತಿ ಗಟ್ಟಿ ಇರುವ ಮಕ್ಕಳನ್ನು ಎಷ್ಟೋ ಸಲ ಬೇಕಂತಲೇ ಆಲ್ಟೋಗೆ ಹಾಕುತ್ತಾರೆ. ಧಾಟಿ ಹಾಡುವುದು ಸುಲಭ. ಪಕ್ಕದವರು ಧಾಟಿ ಹಾಡುವಾಗ ಅದರ ಕೆಳಗಿನ ಸಾಲು ಹಿಡಿದು ನಿಲ್ಲುವುದು ಕಷ್ಟ. ಸೊಪ್ರಾನೋದವರು ಜೋರಾದ ಕೂಡಲೇ ಆಲ್ಟೋ ಮಕ್ಕಳು ಒಬ್ಬೊಬ್ಬರಾಗಿ ಆ ಕಡೆ ಜಾರುತ್ತಾರೆ. ಕೀಬೋರ್ಡ್ ಹಿಂದೆ ಕೂತ ನನಗೆ ಮುಖ ನೋಡಿದರೇ ಗೊತ್ತಾಗುತ್ತದೆ, ಜಾರುವ ಮಗುವಿನ ಕಣ್ಣು ಮೊದಲೇ ಸೊಪ್ರಾನೋ ಸಾಲಿನ ಮೇಲಿರುತ್ತದೆ. ಕೆಲವರು ಕಿವಿಗೆ ಬೆರಳಿಟ್ಟುಕೊಂಡು ಬಚಾವಾಗಲು ನೋಡುತ್ತಾರೆ. ಟೀಚರ್ ಕೈ ತೆಗೆಸುತ್ತಾರೆ, ಏಕೆಂದರೆ ಇಲ್ಲಿ ಕಲಿಯಬೇಕಾದದ್ದೇ ಇನ್ನೊಬ್ಬರನ್ನು ಕೇಳಿಸಿಕೊಳ್ಳುತ್ತಲೇ ತನ್ನ ಸ್ವರ ಬಿಡದೆ ಇರುವುದು. ಅದಕ್ಕೇ ಕ್ಲಾಸಿನ ಅರ್ಧ ಹೊತ್ತು ಮಕ್ಕಳು ಸುಮ್ನೆ ಕೂತಿರುತ್ತಾರೆ, ಇನ್ನೊಂದು ಗುಂಪು ತನ್ನ ಸಾಲು ಕಲಿಯುತ್ತಿರುತ್ತದೆ. 'ಇವತ್ತು ಕ್ಲಾಸಲ್ಲಿ ಏನೂ ಮಾಡಿಸಲಿಲ್ಲ' ಅಂತ ಮಗಳು ಬಂದು ಹೇಳಿದರೆ ಅದು ಇದೇ.

ಸಂಗೀತ ಪಾಠದಿಂದ ಬಂದ ಮಕ್ಕಳಿಗೆ ಕೆಲವು ವಿಷಯ ಬೇಗ ಬರುತ್ತದೆ, ಕೆಲವು ಅಡ್ಡ ಬರುತ್ತದೆ. ತಾಳ, ಶ್ರುತಿ ಆಗಲೇ ಮೈಗೂಡಿರುತ್ತದೆ. ಡೋ ರೇ ಮಿ ಅಂದರೆ ನಮ್ಮ ಶಂಕರಾಭರಣ ರಾಗದ ಸ ರಿ ಗ. ಆದರೆ ಶುರುವಿನ ಪಾಠವಾದ ಸರಳೆ ವರಸೆ ಕಲಿತದ್ದು ಮಾಯಾಮಾಳವಗೌಳ ರಾಗದಲ್ಲಿ ಅಲ್ವಾ? ಅಲ್ಲಿನ ರಿಷಭ (ರಿ), ಧೈವತ (ದ) ಎರಡೂ ಅರ್ಧ ಸ್ವರ ಕೆಳಗೆ. ಹೊಸದರಲ್ಲಿ 'ರೇ' ಅಂದಾಗ ಬಾಯಿ ತಾನಾಗಿ ಆ ಕೆಳಗಿನ ರಿಗೆ ಹೋಗುತ್ತದೆ. ಬೇಗ ಸರಿಹೋಗುತ್ತದೆ, ಬೈಯಬೇಡಿ. ಇನ್ನೊಂದು, ಪಾಠದ ಮನೆಯಲ್ಲಿ ಒಂದೇ ಶ್ರುತಿಗೆ ಕೂತು ಹಾಡಿ ರೂಢಿ. ಇಲ್ಲಿ ಹಾಡು ಬದಲಾದರೆ ಷಡ್ಜವೇ, ಅಂದರೆ 'ಸ' ಕೂರುವ ಜಾಗವೇ ಬದಲಾಗುತ್ತದೆ, ಕೆಲವೊಮ್ಮೆ ಹಾಡಿನ ಮಧ್ಯದಲ್ಲೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವ ರೂಢಿ. ಮೂರು ಗುಂಪು ಸ, ಗ, ಪ ಹಿಡಿದು ನಿಂತಾಗ ಗಾಂಧಾರ (ಗ) ಒಂದಿಷ್ಟು ಅಲುಗಿದರೂ ಇಡೀ ಸ್ವರಗುಚ್ಛ ಮಸುಕಾಗುತ್ತದೆ. ಅಲುಗಿಸದೆ ಸ್ವರ ನಿಲ್ಲಿಸಿ ಅಂದರೆ ಸಂಗೀತದ ಮಕ್ಕಳಿಗೆ ಏನೋ ಸಪ್ಪೆ ಸಪ್ಪೆ. ನಾನು ಅವರಿಗೆ ತಂಬೂರ ಹಾಕಿ ಕೇಳಿಸುತ್ತೇನೆ. ಸ, ಪ ಚೆನ್ನಾಗಿ ಸೇರಿದ ತಂಬೂರದಲ್ಲಿ ಯಾರೂ ಮೀಟದ ಅಂತರ ಗಾಂಧಾರ (ಶಂಕರಾಭರಣದ ಗ) ತಾನಾಗಿ ಕೇಳಿಸುತ್ತದೆ ಅಂತ ಅವರ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಅದೇ ಗಾಂಧಾರ ಬೇಕು. ಕೀಬೋರ್ಡಿನ ಗಾಂಧಾರ ಅದಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ, ಹಾಗಾಗಿ ನಾನು ಕೈ ತೆಗೆದ ಮೇಲೆ ಮಕ್ಕಳು ಹಾಡುವುದೇ ಜಾಸ್ತಿ ಚೆನ್ನಾಗಿರುತ್ತದೆ.

ಉಸಿರಿನ ಲೆಕ್ಕವೂ ಬೇರೆ. ಉದ್ದದ ಸ್ವರ ಬಂದಾಗ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಪಕ್ಕದವಳು ತೆಗೆದುಕೊಳ್ಳುವಾಗ ನೀನು ಹಾಡುತ್ತಿರಬೇಕು, ನಿನ್ನ ಸರದಿಯಲ್ಲಿ ಸದ್ದಿಲ್ಲದೆ ಬಿಟ್ಟು ಸದ್ದಿಲ್ಲದೆ ಸೇರಿಕೊಳ್ಳಬೇಕು. ಕೇಳುವವರಿಗೆ ಸ್ವರ ಎಲ್ಲೂ ಕಡಿಯುವುದಿಲ್ಲ. ಇಂಗ್ಲಿಷ್ ಹಾಡಾದರೆ ಪದದ ಕೊನೆಯ 'ಸ್' ಇನ್ನೊಂದು ತಲೆನೋವು. ಒಬ್ಬೊಬ್ಬರು ಒಂದೊಂದು ಗಳಿಗೆಗೆ ಅಂದರೆ ಒಗ್ಗರಣೆ ಹಾಕಿದ ಹಾಗೆ ಚುಯ್ ಅನ್ನುತ್ತದೆ. ಅದಕ್ಕೆ ಇಬ್ಬರು ಮೂವರಿಗೆ ಮಾತ್ರ ಹೇಳಲು ಬಿಟ್ಟು ಉಳಿದವರ ಬಾಯಿ ಮುಚ್ಚಿಸುತ್ತಾರೆ.

ಬೆಳಗಿನ ಅಸೆಂಬ್ಲಿಯಲ್ಲಿ ನಾಡಗೀತೆ ಹಿಡಿಯುವ ಕೆಲಸ ಎಷ್ಟೋ ಶಾಲೆಗಳಲ್ಲಿ ಕ್ವಾಯರ್ ಮಕ್ಕಳದೇ. 2022ರ ಸರ್ಕಾರಿ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಮೈದಾನದಲ್ಲಿ ಇದು ಕೇಳಿದಷ್ಟು ಸುಲಭ ಅಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದೆ ನಿಂತ ಮಕ್ಕಳಿಗೆ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ, ಅವರ ದನಿ ವಾಪಸ್ ಬರುವಷ್ಟರಲ್ಲಿ ಇನ್ನೂ ಅಷ್ಟು ತಡ. ಮುಂದಿನವರು ಅದಕ್ಕೆ ಕಾದರೆ ಹಾಡು ಎಳೆಯುತ್ತಾ ಹೋಗುತ್ತದೆ. ಆದ್ದರಿಂದ ಕಿವಿ ಬಿಟ್ಟು ಟೀಚರ್ ಕೈ ನೋಡಿ ಹಾಡುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಿಂತಾಗ ಮಂಡಿ ಬಿಗಿ ಹಿಡಿಯಬೇಡ ಅಂತ ಮಗಳಿಗೆ ಹೇಳಿ, ಬಿಸಿಲಲ್ಲಿ ಹಾಗೆ ತುಂಬ ಹೊತ್ತು ನಿಂತರೆ ತಲೆ ಸುತ್ತಿ ಬೀಳುವ ಮಕ್ಕಳಿದ್ದಾರೆ.

ಅಂಕದ ಚಿಂತೆ ಬೇಡ. ಸಿಬಿಎಸ್‌ಇ ಶಾಲೆ ಆದರೆ ಕಲೆ, ಸಂಗೀತಕ್ಕೆ ಗ್ರೇಡ್ ಅಷ್ಟೇ. ಬ್ಯಾಗಿನಲ್ಲಿ ನೀರಿನ ಬಾಟಲಿ, ಒಂದು ಪೆನ್ಸಿಲ್ ಇರಲಿ. ಶೀತ ಆಗಿ ಗಂಟಲು ಕಟ್ಟಿದರೆ ರಜ ಹಾಕಿಸಬೇಡಿ, ಕೂತು ಕೇಳಲಿ. ಪಿಸುಗುಟ್ಟಿ ಹಾಡುವುದು ಮಾತ್ರ ಬೇಡ, ಗಂಟಲಿಗೆ ಅದು ಇನ್ನೂ ಕೆಟ್ಟದ್ದು. ಮೊದಲೇ ಒಂದು ಸಲ ಕೇಳಿಸಬೇಕು ಅಂದರೆ ಡಿಸೆಂಬರ್‌ನಲ್ಲಿ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್‌ನ ಕ್ರಿಸ್ಮಸ್ ಕ್ಯಾರಲ್ ಹಾಡುಗಳಿಗೆ ಕರೆದುಕೊಂಡು ಹೋಗಿ. ಆರ್.ಟಿ. ನಗರದಲ್ಲಿ 1987ರಲ್ಲಿ ಶುರುವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ, ಅವರ ಕಾರ್ಯಕ್ರಮಗಳ ಮೇಲೂ ಕಣ್ಣಿಟ್ಟಿರಿ.

ಸಂಗೀತ ಪಾಠ ಖಂಡಿತ ಬಿಡಿಸಬೇಡಿ. ನಮ್ಮ ಆಲ್ಟೋ ಸಾಲು ನಿಂತಿರುವುದೇ ಅಂಥ ಮಕ್ಕಳ ಮೇಲೆ. ವಾರ್ಷಿಕೋತ್ಸವದ ಹಿಂದಿನ ವಾರ ರಿಹರ್ಸಲ್ ಜಾಸ್ತಿ ಇರುತ್ತದೆ, ಸಂಜೆ ಪಾಠಕ್ಕೆ ದನಿ ಉಳಿಯುವುದಿಲ್ಲ. ಆ ವಾರ ಮಗಳು ಬರೀ ತಾಳ ಹಾಕಿಕೊಂಡು ಕೂರುತ್ತಾಳೆ ಅಂತ ಮೇಷ್ಟ್ರಿಗೆ ಮೊದಲೇ ಹೇಳಿಬಿಡಿ.